500ರಲ್ಲಿ 312ನೆಯ ತಟ್ಟೆ

ಚಿಕ್ಕಮಗಳೂರು, 19 ಜುಲೈ 2025, ಶನಿವಾರ
ರಾತ್ರಿ 11 ಗಂಟೆ

ಮೂರು ವಾರದಿಂದ ದಾರಿ ಕಾಯುತ್ತಿದ್ದ ಗ್ರಾಮಫೋನ್ ರೆಕಾರ್ಡು, ಎಂದರೆ ಹಾಡಿನ ತಟ್ಟೆ, ಇಂದು ಮಧ್ಯಾಹ್ನ ಮಳೆ ತುಸು ಹೊಳವಾದ ಹೊತ್ತಿನಲ್ಲಿ ಕೈ ಸೇರಿತು. ಕೊರಿಯರ್ ಹುಡುಗ ಅದನ್ನು ತನ್ನ ರೇನ್‌ಕೋಟಿನ ಒಳಗೆ ಅವಚಿಕೊಂಡು ತಂದಿದ್ದ. ನಾನು ಅವನ ಜಾಗರೂಕತೆಯನ್ನು ಮೆಚ್ಚುವಷ್ಟರಲ್ಲಿ ಅವನು, "ಸಾರ್, ಡ್ಯೂಟಿ ದುಡ್ಡು ಬಾಕಿ ಇದೆ, ಕೊಟ್ಬಿಡಿ" ಎಂದು ಯಂತ್ರವನ್ನು ಮುಂದೆ ಹಿಡಿದ. ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಿರುವುದನ್ನು ಇಲ್ಲಿಯೂ ಬರೆಯುತ್ತೇನೆ: ತಟ್ಟೆಯ ಬೆಲೆ ₹4,500, ಸಾಗಣೆ ₹2,800, ಸುಂಕ ಮತ್ತು ತೆರಿಗೆ ₹3,150, ಕೊರಿಯರಿನವರ ನಿರ್ವಹಣಾ ಶುಲ್ಕ ₹250. ಒಟ್ಟು ₹10,700. ಮನೆಯಲ್ಲಿ ನಾನು ಹೇಳಿರುವುದು ಮೊದಲನೆಯ ಅಂಕಿಯನ್ನು ಮಾತ್ರ.

ಇದು 1960ರ ದಶಕದ ಒಂದು ಪಿಟೀಲು ಕಛೇರಿಯ ಧ್ವನಿಮುದ್ರಣ. ಯುರೋಪಿನ ಒಂದು ಸಣ್ಣ ಕಂಪನಿ ಇದನ್ನು 180 ಗ್ರಾಮಿನ ದಪ್ಪ ವಿನೈಲ್ ಪ್ಲಾಸ್ಟಿಕ್ಕಿನಲ್ಲಿ, ಹೊಗೆಯ ಬಣ್ಣದಲ್ಲಿ, ಬರೇ 500 ಪ್ರತಿ ಒತ್ತಿಸಿ, ಪ್ರತಿಯೊಂದರ ಹೊದಿಕೆಯ ಹಿಂಬದಿಗೆ ಕೈಯಿಂದಲೇ ಸಂಖ್ಯೆ ಬರೆದು ಮಾರಿದೆ. ನನ್ನದು 312ನೆಯದು. ದಪ್ಪ ಹೆಚ್ಚಾದ ಮಾತ್ರಕ್ಕೆ ನಾದ ಹೆಚ್ಚುವುದಿಲ್ಲ, ಬಣ್ಣವೂ ಕಿವಿಗೆ ಕೇಳಿಸುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ ಕೊಂಡೆ.

ಸೀಮಿತ ಮುದ್ರಣದ ಬೆಲೆಯೆಲ್ಲವೂ ಸುಲಿಗೆಯೆಂದು ಹೇಳುವವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಮೆರುಗೆಣ್ಣೆಯಂಥ ಲ್ಯಾಕರ್ ಬಳಿದು, ಅದರ ಮೇಲೆ ಗೆರೆ ಕೊರೆದು, ನಿಕ್ಕಲ್ ಲೇಪಿಸಿ ಅಚ್ಚು ತೆಗೆದು, ಆ ಅಚ್ಚಿನಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಕೊನೆಗೆ ಒತ್ತುವ ಅಚ್ಚು ಸಿದ್ಧವಾಗುವವರೆಗೆ ತಗಲುವ ಖರ್ಚು ಮುನ್ನೂರು ಪ್ರತಿಗಾದರೂ ಒಂದೇ, ಮೂರು ಸಾವಿರಕ್ಕಾದರೂ ಹೆಚ್ಚುಕಡಿಮೆ ಒಂದೇ. ಕೊಳ್ಳುವವರು ಕಡಿಮೆಯಾದಷ್ಟೂ ಒಬ್ಬೊಬ್ಬರ ತಲೆಯ ಮೇಲೆ ಬೀಳುವ ಪಾಲು ಹೆಚ್ಚುತ್ತದೆ. ಅದರ ಮೇಲೆ, ಲ್ಯಾಕರ್ ತಟ್ಟೆ ತಯಾರಿಸುತ್ತಿದ್ದ ಕಾರ್ಖಾನೆಗಳು ಲೋಕಕ್ಕೆಲ್ಲ ಎರಡೇ ಇದ್ದವು, ಒಂದು ಅಮೆರಿಕದಲ್ಲಿ, ಇನ್ನೊಂದು ಜಪಾನಿನಲ್ಲಿ. ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದ ಅಪೋಲೋ ಮಾಸ್ಟರ್ಸ್ ಕಾರ್ಖಾನೆ 2020ರ ಫೆಬ್ರವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ವರ್ಷ ಅಮೆರಿಕದಲ್ಲಿ ವಿನೈಲಿನ ವಹಿವಾಟು 1980ರ ದಶಕದ ನಂತರ ಮೊದಲ ಬಾರಿಗೆ ಸಿ.ಡಿ.ಯ ವಹಿವಾಟನ್ನು ಮೀರಿತು. ಬೇಡಿಕೆ ಏರಿ ಕಚ್ಚಾ ಸಾಮಗ್ರಿ ಇಳಿದ ಮೇಲೆ ಬೆಲೆ ಏರದೆ ಇನ್ನೇನಾದೀತು?

ಆದುದರಿಂದ ಕೊಟ್ಟ ಹಣದ ಬಗ್ಗೆ ನನ್ನ ತಕರಾರು ಇರಲಿಲ್ಲ. ತಕರಾರು ಹುಟ್ಟಿದ್ದು ಸಂಜೆ ನಾಲ್ಕಕ್ಕೆ, ಮೊದಲನೆಯ ಬದಿಯ ಕೊನೆಯ ಹತ್ತು ನಿಮಿಷಗಳಲ್ಲಿ.

ಗಮಕ ತುಂಬಿದ ಸಂಚಾರ ನಡೆಯುತ್ತಿರುವಷ್ಟು ಹೊತ್ತು ನನಗೆ ಏನೂ ತೋಚಲಿಲ್ಲ. ಪಿಟೀಲು ವಿರಮಿಸಿ ಹಿಂದಿನ ತಂಬೂರಿಯೊಂದೇ ಉಳಿದ ಕ್ಷಣದಲ್ಲಿ ಷಡ್ಜ ತೊಟ್ಟಿಲಿನಂತೆ ತೂಗಾಡುತ್ತಿರುವುದು ಕೇಳಿಸಿತು. ನನ್ನ ಕಿವಿಯೇ ಕೆಟ್ಟಿತೇನೋ ಎಂದುಕೊಂಡು ಬಗ್ಗಿ ನೋಡಿದರೆ, ಮುಳ್ಳು ಹೊತ್ತ ತೋಳು ಸುತ್ತಿಗೊಮ್ಮೆ ಒಳಕ್ಕೂ ಹೊರಕ್ಕೂ ಓಲಾಡುತ್ತಿದೆ. ಮರದ ಸ್ಕೇಲಿಟ್ಟು ಅಳೆದೆ. ಒಟ್ಟು ಓಲಾಟ ಸುಮಾರು ಒಂದು ಮಿಲಿಮೀಟರ್, ಎಂದರೆ ನಡುವಿನ ರಂಧ್ರ ಗೆರೆಗಳ ನಿಜವಾದ ಕೇಂದ್ರದಿಂದ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಬಿದ್ದಿದೆ. ಅರ್ಧ ಮಿಲಿಮೀಟರ್ ಎಂದರೆ ಎಷ್ಟು ಮಹಾ ಎಂದು ಕೇಳುವವರಿಗಾಗಿ ಈ ಲೆಕ್ಕ: ಹೊರ ಅಂಚಿನಲ್ಲಿ ಗೆರೆಯ ತ್ರಿಜ್ಯ 146 ಮಿಲಿಮೀಟರ್ ಇರುವುದರಿಂದ ಅಲ್ಲಿ ಸ್ವರ ಮೇಲೆ ಕೆಳಗೆ ಶೇಕಡಾ 0.34ರಷ್ಟು ಮಾತ್ರ ಸರಿಯುತ್ತದೆ, ಅದನ್ನು ಯಾರೂ ಗಮನಿಸಲಿಕ್ಕಿಲ್ಲ. ಮುಳ್ಳು ಒಳಗೆ ಸರಿದು ತ್ರಿಜ್ಯ 60ಕ್ಕೆ ಇಳಿದಾಗ ಅದೇ ದೋಷ ಶೇಕಡಾ 0.83 ಆಗುತ್ತದೆ. ಏರಿದ ತುದಿಗೂ ಇಳಿದ ತುದಿಗೂ ನಡುವಿನ ಅಂತರ ಶೇಕಡಾ 1.6ನ್ನು ದಾಟುತ್ತದೆ. ನಮ್ಮ ಶಾಸ್ತ್ರಕಾರರು ಸ್ವರದ ಅತಿ ಸಣ್ಣ ಮೆಟ್ಟಿಲೆಂದು ಹೇಳುವ ಪ್ರಮಾಣಶ್ರುತಿ 81ಕ್ಕೆ 80ರ ಅನುಪಾತ, ಎಂದರೆ ಶೇಕಡಾ 1.25. ಇಪ್ಪತ್ತೆರಡು ಶ್ರುತಿಗಳಲ್ಲಿ ಒಂದು ಶ್ರುತಿಗೂ ಮಿಕ್ಕಿದ ದೂರವನ್ನು ಈ ತಂಬೂರಿ ಪ್ರತಿ 1.8 ಸೆಕೆಂಡಿಗೊಮ್ಮೆ ಹೋಗಿ ಬರುತ್ತಿದೆ! ಎಂಜಿನಿಯರುಗಳ ಭಾಷೆಯಲ್ಲಿ ಈ ದೋಷದ ಹೆಸರು 'ವಾವ್'. ₹10,700 ತೆತ್ತವನು ಬೇರೆ ಏನು ಉದ್ಗರಿಸಲು ಸಾಧ್ಯ.

ಕಂಪನಿಗೆ ಕೂಡಲೇ ಬರೆದೆ. ಏಳು ಗಂಟೆಗೆ ವಿನಯಪೂರ್ವಕವಾದ ಉತ್ತರ ಬಂತು. 500 ಪ್ರತಿಗಳೂ ಮುಗಿದಿವೆ, ಬದಲಿ ಕೊಡಲು ತಮ್ಮ ಬಳಿ ಒಂದೂ ಇಲ್ಲ, ನಾನು ನನ್ನ ಖರ್ಚಿನಲ್ಲಿ ಹಿಂದಿರುಗಿಸಿದರೆ ತಟ್ಟೆಯ ಬೆಲೆಯನ್ನಷ್ಟೇ ಮರಳಿಸುತ್ತಾರೆ. ಅಲ್ಲಿಗೆ ಕಳುಹಿಸುವ ವೆಚ್ಚ ಕಳೆದರೆ ಕೈಗೆ ಬರುವುದು ಅಲ್ಪ, ಕಟ್ಟಿಯಾದ ಸುಂಕವಂತೂ ಮರಳದು. ಪ್ರತಿಗಳು ಕಡಿಮೆ ಎಂಬ ಒಂದೇ ಕಾರಣಕ್ಕೆ ಆತುರದಿಂದ ಕೊಂಡವನಿಗೆ, ಪ್ರತಿಗಳು ಕಡಿಮೆ ಎಂಬ ಅದೇ ಕಾರಣಕ್ಕೆ ಬದಲಿ ಸಿಗದು. ಕೊಳ್ಳುವಾಗ ನಾನು ಇದನ್ನು ಯೋಚಿಸಲೇ ಇಲ್ಲ.

ಬೇಸರದಲ್ಲಿ ಈ ತಟ್ಟೆಯ ಮರುಮಾರಾಟದ ದರಗಳನ್ನು ಹುಡುಕಿ ನೋಡಿದೆ. ಏಳು ಪ್ರತಿಗಳು ಆಗಲೇ ಮಾರಾಟಕ್ಕಿವೆ, ಏಳೂ ಪ್ಲಾಸ್ಟಿಕ್ ಹೊದಿಕೆ ಬಿಚ್ಚದವು, ಎರಡೂವರೆ ಪಟ್ಟು ಬೆಲೆಗೆ. ಬಿಚ್ಚಿದರೆ ಬೆಲೆ ಬೀಳುತ್ತದೆಯಾದ್ದರಿಂದ ಯಾರೂ ಬಿಚ್ಚುವುದಿಲ್ಲ. ಬಿಚ್ಚದವರಿಗೆ ರಂಧ್ರ ಎಲ್ಲಿದೆಯೆಂಬುದು ತಿಳಿಯುವ ಬಗೆಯಿಲ್ಲ. ಒಂದೇ ಅಚ್ಚಿನಿಂದ ಇಳಿದ ಈ ತಟ್ಟೆಗಳಲ್ಲಿ ಇನ್ನೆಷ್ಟು ತೂಗಾಡುತ್ತಿವೆಯೋ, ಕೇಳಿದವನಿಗಷ್ಟೇ ಗೊತ್ತಾಗಬೇಕು.

'ಸೀಮಿತ' ಎಂಬ ಪದ ಎಷ್ಟರವರೆಗೆ ಹಿಗ್ಗಬಲ್ಲದು ಎಂಬುದಕ್ಕೆ ಹಳೆಯ ರೆಕಾರ್ಡುಗಳನ್ನು ಮರುಮುದ್ರಿಸುವ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಪ್ರಸಂಗ ನೆನಪಾಗುತ್ತದೆ. ನಡುವಿನ ಅಚ್ಚುಗಳನ್ನು ಬಿಟ್ಟು, ಲ್ಯಾಕರಿನಿಂದ ನೇರವಾಗಿ ಒತ್ತುವ ಅಚ್ಚನ್ನೇ ತೆಗೆಯುವ ಕ್ರಮದಲ್ಲಿ ತಯಾರಿಸಿದ ಮೈಕೆಲ್ ಜಾಕ್ಸನ್‌ರ ಒಂದು ಎಲ್.ಪಿ.ಯನ್ನು (ಬಹಳ ಹೊತ್ತು ನುಡಿಯುವ ತಟ್ಟೆಯನ್ನು) ಅದು 2022ರಲ್ಲಿ ಘೋಷಿಸಿತು, ಸೀಮಿತ ಸಂಖ್ಯೆ 40,000. ಆ ಕ್ರಮದಲ್ಲಿ ಅಷ್ಟು ಪ್ರತಿ ಒತ್ತಬೇಕಾದರೆ ಮತ್ತೆ ಮತ್ತೆ ಹೊಸ ಲ್ಯಾಕರ್ ಕೊರೆಯಬೇಕು, ಅಷ್ಟೂ ಸಲ ಮೂಲ ಟೇಪನ್ನು ಓಡಿಸಬೇಕು. ಯಾವ ಸಂಸ್ಥೆ ತನ್ನ ಮೂಲ ಟೇಪನ್ನು ಹಾಗೆ ಸವೆಯಲು ಬಿಟ್ಟೀತು ಎಂದು ಸಂಗ್ರಾಹಕರು ಕೇಳತೊಡಗಿದರು. ಟೇಪಿನಿಂದ ಡಿಜಿಟಲ್ ಪ್ರತಿ ಮಾಡಿಕೊಂಡು ಅದರಿಂದ ಕೊರೆಯುತ್ತಿದ್ದೆವೆಂದು ಕಂಪನಿಯ ಎಂಜಿನಿಯರುಗಳು ಅದೇ ಜುಲೈಯಲ್ಲಿ ಒಪ್ಪಿಕೊಂಡರು. ನನಗೆ ಈ ಪ್ರಸಂಗದಲ್ಲಿ ಸ್ವಾರಸ್ಯವೆನಿಸುವುದು ಬೇರೆಯದು. ಡಿಜಿಟಲ್ ಸೋಂಕಿಲ್ಲದವೆಂದು ನಂಬಿ ಬಹಳ ವರ್ಷ ಆ ಕಂಪನಿಯ ತಟ್ಟೆಗಳನ್ನು ಹೊಗಳುತ್ತ ಬಂದ ಸೂಕ್ಷ್ಮ ಕಿವಿಗಳಿಗೆ ಡಿಜಿಟಲ್ ವಾಸನೆ ಬಡಿದಿರಲಿಲ್ಲ. ಗುಟ್ಟು ಹೊರಬಿದ್ದದ್ದು ಸಂಖ್ಯೆಯ ಗುಣಾಕಾರದಿಂದ.

ಕಳೆದ ಬೇಸಿಗೆಯಲ್ಲಿ ಆಲ್ದೂರಿನ ಕಡೆಯ ಒಂದು ಕಾಫಿ ತೋಟದ ಬಂಗಲೆಯಿಂದ ₹2,000ಕ್ಕೆ ತಂದ 32 ತಟ್ಟೆಗಳ ಕಟ್ಟೂ ಪಕ್ಕದಲ್ಲೇ ಇದೆ. ಹಳೆಯದೆಂದ ಮಾತ್ರಕ್ಕೆ ಅದನ್ನು ಹೊಗಳಲಾರೆ. ಮಲೆನಾಡಿನ ಮಳೆಗಾಲ ಹೊದಿಕೆಗಳಿಗೆಲ್ಲ ಬೂಷ್ಟು ಹಿಡಿಸಿದೆ, ಒಂಬತ್ತು ಎಲ್.ಪಿ.ಗಳು ಮುಳ್ಳು ಇಡಲಿಕ್ಕೂ ಲಾಯಕ್ಕಿಲ್ಲ, ನಿಮಿಷಕ್ಕೆ 78 ಸುತ್ತು ತಿರುಗುವ ಆರು ಅರಗಿನ ತಟ್ಟೆಗಳಲ್ಲಿ ಎರಡು ಬಿರುಕು ಬಿಟ್ಟಿವೆ. ಎಲ್.ಪಿ.ಗಳನ್ನು ಡಿಸ್ಟಿಲ್ಡ್ ನೀರಿಗೆ ತುಸು ಸ್ಪಿರಿಟ್ ಬೆರೆಸಿ ಒರೆಸಬಹುದು. ಅರಗಿನ ತಟ್ಟೆಗೆ ಸ್ಪಿರಿಟ್ ತಗುಲಿದರೆ ಅರಗೇ ಕರಗಿ ಹಾಡೂ ಅದರೊಂದಿಗೆ ಹೋಗುತ್ತದೆ. ಆ ಕಟ್ಟಿನಲ್ಲಿರುವ, ಕೋಲ್ಕತ್ತದ ಡಮ್ ಡಮ್ ಕಾರ್ಖಾನೆಯ ಎಚ್.ಎಂ.ವಿ. ತಟ್ಟೆಗಳು ಒತ್ತಿದ ಕಾಲಕ್ಕೆ ಯಾವ ರೀತಿಯಲ್ಲೂ ಸೀಮಿತವಾಗಿರಲಿಲ್ಲ. ಜನ ಕೇಳಿ ಕೇಳಿ ಸವೆಸಿ, ಒಡೆದು, ಮಕ್ಕಳ ಕೈಗೆ ಕೊಟ್ಟು, ಅಟ್ಟಕ್ಕೆಸೆದು ಅವುಗಳನ್ನು ವಿರಳ ಮಾಡಿದರು. ಅಂಥ ಒಂದು ನಾಗಸ್ವರದ ತಟ್ಟೆಯನ್ನು ಸಂಜೆ ಹೋಲಿಕೆಗೆಂದು ಹಾಕಿದೆ. ಒಗ್ಗರಣೆ ಸಿಡಿದಂತೆ ಸದ್ದಿದ್ದರೂ ಅದರ ಒತ್ತು ಶ್ರುತಿ ಕೂದಲೆಳೆಯಷ್ಟೂ ಕದಲಲಿಲ್ಲ.

ಎಂಟು ಗಂಟೆಗೆ ಕೊಡೆ ಹಿಡಿದು ಬೀದಿಯ ಕೊನೆಯ ಆಚಾರ್ರ ಮನೆಗೆ ಹೋಗಿ ಸಣ್ಣ ದುಂಡು ಅರವೊಂದನ್ನು ಕೇಳಿದೆ. ಏತಕ್ಕೆಂದು ಹೇಳಿದಾಗ ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಹೊಸಾದನ್ನೇ ಉಜ್ತೀರಾ ಸಾರ್? ಹಾಳಾದ್ರೆ ನನ್ನ ಕೇಳ್ಬೇಡಿ" ಎಂದರು. ತೋಳು ಹೊರ ಅಂಚಿನತ್ತ ಅತ್ಯಂತ ದೂರ ಸರಿದಾಗ ತಟ್ಟೆಯ ಯಾವ ಭಾಗ ಅದರ ಕೆಳಗಿರುತ್ತದೆಂದು ಗುರುತಿಸಿ ಲೇಬಲ್ಲಿಗೆ ಚೂರು ಟೇಪು ಅಂಟಿಸಿದೆ, ಪುಡಿ ಗೆರೆಗಳಿಗೆ ಬೀಳದಂತೆ ಲೇಬಲ್ಲಿನ ಸುತ್ತ ಕಾಗದ ಹೊದಿಸಿದೆ, ರಂಧ್ರದ ಒಂದೇ ಪಕ್ಕವನ್ನು ಹತ್ತು ನಿಮಿಷ ನಿಧಾನವಾಗಿ ಅರೆದೆ. ಇದನ್ನು ನೋಡಿದ ನನ್ನ ಹೆಂಡತಿ "ಎಷ್ಟು ಅಂದ್ರಿ ಇದಕ್ಕೆ?" ಎಂದು ಕೇಳಿದಳು. ಮೊದಲನೆಯ ಅಂಕಿಯನ್ನೇ ಮತ್ತೊಮ್ಮೆ ಹೇಳಿದೆ.

ಅಗಲವಾದ ರಂಧ್ರದ ತಟ್ಟೆಯನ್ನು ಕೀಲಿನ ಮೇಲಿಟ್ಟು, ತಿರುಗಿಸಿ, ತೋಳನ್ನು ನೋಡುತ್ತ ಅಂಚನ್ನು ಬೆರಳಿನಿಂದ ಎಳ್ಳಷ್ಟು ತಟ್ಟುತ್ತ, ಆರನೆಯ ಪ್ರಯತ್ನಕ್ಕೆ ಓಲಾಟ ನಿಂತಿತು. ತಂಬೂರಿ ನೆಟ್ಟಗೆ ಕುಳಿತಿತು. ಎರಡನೆಯ ಬದಿಗೆ ಬೇರೆಯದೇ ಅಚ್ಚು, ಅದಕ್ಕೆ ಬೇರೆಯದೇ ಕೇಂದ್ರ. ಅದನ್ನು ಹಾಕಿದಾಗ ತಟ್ಟೆಯನ್ನು ಮತ್ತೆ ಮೊದಲಿನ ಜಾಗಕ್ಕೆ ತಳ್ಳಬೇಕಾಯಿತು. ಲೆಕ್ಕದ ಪುಸ್ತಕದಲ್ಲಿ 312ರ ಎದುರಿಗೆ, ಸ್ಥಿತಿ ಎಂಬ ಅಂಕಣದಲ್ಲಿ 'ರಂಧ್ರ ಅರೆಯಲಾಗಿದೆ, ಮಾರಾಟಕ್ಕಿಲ್ಲ' ಎಂದು ಬರೆದು, ತಿಲ್ಲಾನ ಮುಗಿಯುವವರೆಗೆ ಕುಳಿತೆ.