ಇವರು ನಿಮಗೆ ಏನಾಗಬೇಕು?

ಶನಿವಾರ ಸಂಜೆ ನಾವಿಬ್ಬರೂ ಗಾಂಧಿ ಬಜಾರಿನಲ್ಲಿ ನಡೆಯುತ್ತಿದ್ದರೆ ಪರಿಚಯದವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ಒಂದು ಸಲ ನನ್ನ ಮುಖ ನೋಡುತ್ತಾರೆ, ಒಂದು ಸಲ ಅವಳ ಮುಖ. ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ: ‘ಇವರು ನಿಮಗೆ ಏನಾಗಬೇಕು?’

ತಂಗಿಯಲ್ಲ, ನಾದಿನಿಯಲ್ಲ, ದೂರದ ನೆಂಟರೂ ಅಲ್ಲ. ‘ನನ್ನ ಫ್ರೆಂಡು’ ಅನ್ನುತ್ತೇನೆ. ಅಷ್ಟಕ್ಕೆ ಯಾರಿಗೂ ಸಮಾಧಾನವಾಗುವುದಿಲ್ಲ. ‘ಯಾವ ಸಂಸ್ಥೆ ಕಡೆಯಿಂದ?’ ಅನ್ನುತ್ತಾರೆ. ಇಲ್ಲವೇ ‘ದೊಡ್ಡ ಮನಸ್ಸು ನಿಮ್ಮದು, ಪುಣ್ಯ ಬರುತ್ತೆ’ ಅನ್ನುತ್ತಾರೆ. ಅವಳು ಪಕ್ಕದಲ್ಲೇ ನಿಂತಿರುತ್ತಾಳೆ, ಕೈಯಲ್ಲಿ ಹೂವಿನ ಪೊಟ್ಟಣ ಹಿಡಿದುಕೊಂಡು. ಅವಳ ಕಿವಿ ಚೆನ್ನಾಗಿ ಕೇಳುತ್ತದೆ. ರಸ್ತೆಯಲ್ಲಿ ನಿಂತು ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವಳಿಗೆ ಮೂವತ್ತನಾಲ್ಕು, ನನಗೆ ನಲವತ್ತೊಂದು. ಅವಳಿಗೆ ಡೌನ್ ಸಿಂಡ್ರೋಮ್ ಇದೆ. ನಮ್ಮ ಜೀವಕೋಶದಲ್ಲಿ 21ನೇ ಕ್ರೋಮೋಸೋಮು ಎರಡಿದ್ದರೆ, ಅವಳಲ್ಲಿ ಮೂರು. ವಿಶ್ವ ಡೌನ್ ಸಿಂಡ್ರೋಮ್ ದಿನವನ್ನು ಮೂರನೇ ತಿಂಗಳ 21ಕ್ಕೆ ಇಟ್ಟಿರುವುದೂ ಅದಕ್ಕೇ. ಅದು ರೋಗವಲ್ಲ, ಮಾನಸಿಕ ಕಾಯಿಲೆಯಂತೂ ಅಲ್ಲವೇ ಅಲ್ಲ. ನಮ್ಮ ಬಡಾವಣೆಗಳಲ್ಲಿ ಇವತ್ತಿಗೂ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಅವಳ ಮಾತು ನಿಧಾನ. ನೂರು ದಾಟಿದರೆ ಚಿಲ್ಲರೆ ಲೆಕ್ಕ ಗೋಜಲಾಗುತ್ತದೆ. ಅಂಗಡಿ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತಾಳೆ. ಇದನ್ನು ಬರೆಯಲೇ ಅಂತ ಕೇಳಿದಾಗ ‘ಬರಿ, ಹೆಸರು ಹಾಕಬೇಡ’ ಅಂದಳು. ಹಾಕುತ್ತಿಲ್ಲ.

ಅವಳ ಅಮ್ಮ ನನಗೆ ಪರಿಚಯವಾದದ್ದು ಕೃಷ್ಣರಾವ್ ಪಾರ್ಕಿನಲ್ಲಿ, ಬೆಳಗಿನ ವಾಕಿಂಗಿನಲ್ಲಿ. ಒಂದು ದಿನ ಅವರು ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು: ‘ಸ್ಪೆಷಲ್ ಸ್ಕೂಲು ಮುಗಿದ ಮೇಲೆ ನಮ್ಮನೆ ಫೋನು ಒಂದು ಸಲನೂ ಅವಳಿಗೋಸ್ಕರ ಹೊಡ್ಕೊಂಡಿಲ್ಲ ಕಣಮ್ಮಾ.’ ಅವಳ ಬದುಕಿನಲ್ಲಿ ಆಗ ಜನ ಇರಲಿಲ್ಲವೆಂದಲ್ಲ. ಅಪ್ಪ, ಅಮ್ಮ, ಊರಿನಲ್ಲಿರುವ ಚಿಕ್ಕಪ್ಪ, ಸ್ಪೀಚ್ ಥೆರಪಿಯವರು, ಡಾಕ್ಟರು, ಕ್ರಾಫ್ಟ್ ಕಲಿಸುವ ಮಿಸ್ಸು. ಒಂದೋ ಮನೆಯವರು, ಇಲ್ಲ ಫೀಸು ತೆಗೆದುಕೊಂಡು ಬರುವವರು. ಎಲ್ಲರೂ ಒಳ್ಳೆಯವರೇ. ಆದರೆ ಇವಳ ಜೊತೆ ಇರಬೇಕು ಅಂತ ಆಸೆಪಟ್ಟು ಬಂದವರು ಅದರಲ್ಲಿ ಒಬ್ಬರೂ ಇರಲಿಲ್ಲ.

ಈ ಕೊರತೆಯನ್ನು ಬೇರೆ ಕಡೆಯವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ‘ನಾವು ಕಣ್ಣುಮುಚ್ಚಿದ ಮೇಲೆ ನಮ್ಮ ಮಕ್ಕಳ ಗತಿ ಏನು?’ ಎಂಬ ತಂದೆತಾಯಂದಿರ ಪ್ರಶ್ನೆಯಿಂದಲೇ ಮನಶ್ಶಾಸ್ತ್ರಜ್ಞ ವೊಲ್ಫ್ ವೊಲ್ಫೆನ್ಸ್‌ಬರ್ಗರ್ ‘ಸಿಟಿಜನ್ ಅಡ್ವೊಕಸಿ’ ಎಂಬ ದಾರಿ ಹುಡುಕಿದರು. ಅದರ ಮೊದಲ ಕಚೇರಿ ಶುರುವಾದದ್ದು 1970ರಲ್ಲಿ, ಅಮೆರಿಕದ ನೆಬ್ರಾಸ್ಕಾದಲ್ಲಿ. ಒಬ್ಬರಿಗೆ ಒಬ್ಬರು; ಸಂಬಳವಿಲ್ಲ; ಬಂದವರ ನಿಷ್ಠೆ ಕಚೇರಿಗಲ್ಲ, ಆ ಒಬ್ಬ ವ್ಯಕ್ತಿಗೆ. 1989ರಲ್ಲಿ ಆಂಥೊನಿ ಕೆನಡಿ ಶ್ರೈವರ್ ಸ್ಥಾಪಿಸಿದ ‘ಬೆಸ್ಟ್ ಬಡೀಸ್’ ಇಂಥ ಜೋಡಿ ಸ್ನೇಹವನ್ನು ಕಾಲೇಜು ಹುಡುಗರಿಗೂ ಇವಳಂಥವರಿಗೂ ನಡುವೆ ಬೆಳೆಸಿತು. ನಮ್ಮಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಹದಿನೆಂಟು ದಾಟಿದ ಇಂಥವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಸಮಾಜದ ನಡುವೆ ಬದುಕುವ ಹಕ್ಕನ್ನು ಕೊಡುತ್ತದೆ. ಇವು ಬೇಕೇ ಬೇಕು. ಆದರೆ ಪೋಷಕರನ್ನು ನೇಮಿಸಿದ ಹಾಗೆ ಗೆಳತಿಯನ್ನು ನೇಮಿಸುವುದಕ್ಕೆ ಆಗುವುದಿಲ್ಲ. ಆ ಒಂದು ಕೆಲಸ ಅಕ್ಕಪಕ್ಕದ ಬೀದಿಯವರಿಗೇ ಉಳಿದಿದೆ.

ನಾನು ಶನಿವಾರ ಅವಳ ಮನೆಗೆ ಹೋಗತೊಡಗಿದ ಮೊದಲ ಆರು ತಿಂಗಳು ಅವಳು ನನ್ನನ್ನು ‘ಮಿಸ್’ ಅಂತಲೇ ಕರೆದಳು. ಹೊರಗಿನಿಂದ ಬಂದು ಅವಳ ಎದುರು ಕೂರುವ ಹೆಂಗಸರೆಲ್ಲ ಮಿಸ್ಸೇ ಆಗಿದ್ದರಲ್ಲ. ನಾನು ಹೋದ ಕೂಡಲೇ ನೋಟ್‌ಬುಕ್ಕು ತಂದಿಡುತ್ತಿದ್ದಳು. ನಾನು ಅದನ್ನು ತೆರೆಯುತ್ತಿರಲಿಲ್ಲ. ನನಗೂ ಕೈಗೆ ಕೆಲಸವಿಲ್ಲದೆ ಸುಮ್ಮನೆ ಕೂತು ಅಭ್ಯಾಸವಿಲ್ಲ, ಕಷ್ಟವಾಗುತ್ತಿತ್ತು.

ಅದನ್ನು ಬಿಡಿಸಿದ್ದು ಅವರೆಕಾಯಿ. ಜನವರಿ, ಮಾಗಡಿ ಕಡೆಯ ಸೊಗಡಿನ ಕಾಯಿ. ಅವರಮ್ಮ ರಾತ್ರಿಯೇ ಕಾಳು ನೆನೆಸಿಟ್ಟಿದ್ದರು, ಹಿತಕುವುದಕ್ಕೆ. ಇಬ್ಬರೂ ನೆಲದ ಮೇಲೆ ಕೂತೆವು, ನಡುವೆ ಒಂದು ಪಾತ್ರೆ. ಹೆಬ್ಬೆರಳಿಗೂ ತೋರುಬೆರಳಿಗೂ ಮಧ್ಯೆ ಕಾಳಿಟ್ಟು ಒತ್ತಿದರೆ ಬೇಳೆ ಜಾರಿ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಅವಳ ಬೆರಳುಗಳು ಗಿಡ್ಡ, ತುಂಬ ಮೆದು. ಅವಳು ಕಾಳನ್ನು ನೋಡುತ್ತಲೇ ಇರಲಿಲ್ಲ, ಬೇಳೆ ಒಂದರ ಹಿಂದೆ ಒಂದು ಪಾತ್ರೆಗೆ ಬೀಳುತ್ತಿತ್ತು. ನನ್ನ ಕೈಯಿಂದ ಹಾರಿದ್ದೊಂದು ಸೋಫಾದ ಕೆಳಗೆ ಹೋಯಿತು. ಅವಳು ನನ್ನ ಕೈ ಹಿಡಿದು, ಕಾಳಿನ ಮೂತಿ ಪಾತ್ರೆಯ ಕಡೆಗೆ ತಿರುಗಿಸಿ, ‘ಹೀಗೆ ಕಣೇ’ ಅಂದಳು.

ಕಣೇ. ಆ ಮಾತು ಮಿಸ್ಸಿಗೆ ಯಾರೂ ಹೇಳುವುದಿಲ್ಲ. ಅವತ್ತಿನಿಂದ ನಾನು ‘ಬಾರೇ’, ‘ಹೋಗೇ’.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಒಂದು ಮಾರ್ಚಿನಲ್ಲಿ ಆಫೀಸಿನ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಎರಡು ಶನಿವಾರ ಹೋಗಲಿಲ್ಲ, ಫೋನೂ ಮಾಡಲಿಲ್ಲ. ಎರಡೂ ದಿನ ಅವಳು ನಾಲ್ಕು ಗಂಟೆಗೇ ತಲೆ ಬಾಚಿಕೊಂಡು, ಚಪ್ಪಲಿ ಹಾಕಿಕೊಂಡು, ಪರ್ಸು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳಂತೆ. ದೀಪ ಹಚ್ಚುವ ಹೊತ್ತಿನ ತನಕ. ಆಮೇಲೆ ಹೋದಾಗ ಅವರಪ್ಪ ಬೈಯಲಿಲ್ಲ. ‘ಬರ್ತೀನಿ ಅಂತ ಹೇಳಿ ಬರದೇ ಇರೋರು ನಮಗೆ ಹೊಸಬರಲ್ಲಮ್ಮ’ ಅಂದರು. ಅವಳು ಒಂದು ಗಂಟೆ ನನ್ನ ಜೊತೆ ಮಾತಾಡಲಿಲ್ಲ. ಕೋಪ ಮಾಡಿಕೊಳ್ಳುವಷ್ಟು ಹಕ್ಕು ನನ್ನ ಮೇಲೆ ಅವಳಿಗಿತ್ತಲ್ಲ ಎನ್ನುವುದೊಂದೇ ಅವತ್ತು ನನಗೆ ಸಿಕ್ಕ ಸಮಾಧಾನ.

ಆದ್ದರಿಂದ ‘ನಾವೂ ಏನಾದರೂ ಮಾಡಬೇಕು’ ಅನ್ನುವವರಿಗೆ ನಾನು ಮೊದಲು ಹೇಳುವುದು, ಹೆಚ್ಚು ಮಾತು ಕೊಡಬೇಡಿ. ತಿಂಗಳಿಗೆ ಎರಡು ಸಲ, ಎರಡು ಗಂಟೆ ಸಾಕು, ಆದರೆ ತಪ್ಪಬಾರದು. ತಪ್ಪಿದರೆ ಮನೆಯವರಿಗಲ್ಲ, ಅವರಿಗೇ ಫೋನು ಮಾಡಿ ಹೇಳಬೇಕು. ಹುಟ್ಟುಹಬ್ಬಕ್ಕೆ ಆಶ್ರಮಕ್ಕೆ ಊಟ ಕೊಟ್ಟು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಬರುವ ರೂಢಿ ಈ ಊರಿನಲ್ಲಿ ಬಹಳ ಇದೆ. ಊಟ ಬೇಕು, ಬೇಡವೆನ್ನುವುದಿಲ್ಲ. ಆದರೆ ಆ ಸಾಲಿನಲ್ಲಿ ನಿಂತ ಒಬ್ಬರ ಹೆಸರಾದರೂ ಬಂದವರಿಗೆ ಮನೆ ಸೇರುವ ತನಕ ನೆನಪಿರುತ್ತದೆಯೇ? ಸ್ನೇಹ ಒಬ್ಬೊಬ್ಬರಿಗೇ ಆಗಬೇಕು. ಶುರುವಿಗೆ ಅವರ ಮನೆಯಲ್ಲೇ, ಮನೆಯವರು ಇರುವಾಗಲೇ ಭೇಟಿಯಾಗಿ. ಮನೆಯವರಿಗೆ ನಿಮ್ಮ ಮೇಲೆ ಅನುಮಾನವಿದ್ದರೆ ಬೇಸರಪಡಬೇಡಿ. ಇಂಥವರನ್ನು ಏಮಾರಿಸುವುದು, ಮುಟ್ಟಬಾರದ ಹಾಗೆ ಮುಟ್ಟುವುದು ನಡೆಯುತ್ತದೆ, ಅನುಮಾನ ಅವರ ಧರ್ಮ. ಮಾಣಿ ನಿಮ್ಮನ್ನು ನೋಡಿ ‘ಇವರಿಗೇನು ಕೊಡಲಿ?’ ಅಂದರೆ ಉತ್ತರ ಕೊಡದೆ ಅವರ ಕಡೆ ತಿರುಗಿ ಕಾಯಿರಿ. ಅವಳು ‘ಖಾಲಿ ದೋಸೆ’ ಅನ್ನುವುದಕ್ಕೆ ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ಕಾಯಲಾಗದವರಿಗೆ ಈ ಸ್ನೇಹ ಕಷ್ಟ.

ಪುಣ್ಯದ ಮಾತು ನನಗೆ ನೋವು ಕೊಡುವುದು ಇದಕ್ಕೇ. ನನಗೆ ಪುಣ್ಯ ಬರುವುದಾದರೆ ಅವಳು ನನ್ನ ಪುಣ್ಯಕ್ಕೊಂದು ದಾರಿ ಅಂತಾಯಿತು. ನನ್ನ ತಾಯಿ ತೀರಿಕೊಂಡ ವಾರ ಅವಳು ಬಂದು ಏನೂ ಹೇಳದೆ ಮೂರು ಗಂಟೆ ನನ್ನ ಪಕ್ಕ ಕೂತಿದ್ದಳು. ಅವತ್ತು ಅವಳಿಗೆ ಪುಣ್ಯ ಬಂತು ಅಂತ ಯಾರೂ ಹೇಳಲಿಲ್ಲ.

ಅವರಮ್ಮ ಗೋಡೆಯ ಕ್ಯಾಲೆಂಡರಿನ ಮೇಲೆ, ಡಾಕ್ಟರು ಮತ್ತು ಗ್ಯಾಸಿನವರ ನಂಬರಿನ ಕೆಳಗೆ ನನ್ನ ನಂಬರು ಬರೆದಿಟ್ಟಿದ್ದಾರೆ. ನಾವು ಹೋದ ಮೇಲೆ ಅಂತ ಅವರು ಬಾಯಿಬಿಟ್ಟು ಕೇಳಿಲ್ಲ. ಕೇಳಿದರೂ ನಾನೊಬ್ಬಳೇ ಹೊರುತ್ತೇನೆಂದು ಮಾತು ಕೊಡಲಾರೆ. ಒಬ್ಬಳು ಗೆಳತಿ ಯಾರಿಗೂ ಸಾಲುವುದಿಲ್ಲ. ಅದನ್ನು ಅವಳೇ ಹೋದ ವಾರ ಹೇಳಿದಳು: ‘ನೀನು ಸಿನಿಮಾಕ್ಕೆ ಬರಲ್ಲ. ಸಿನಿಮಾಕ್ಕೆ ಇನ್ನೊಬ್ಬಳು ಫ್ರೆಂಡು ಬೇಕು.’

ಬಸವನಗುಡಿಯ ಸುತ್ತಮುತ್ತ ಇರುವವರು, ತಿಂಗಳಿಗೊಂದು ಮಧ್ಯಾಹ್ನ ಬಿಡುವಿರುವವರು ಇದ್ದರೆ ನನಗೆ ಬರೆಯಿರಿ. ಅವಳಿಗೆ ಹೊಡೆದಾಟದ ಸಿನಿಮಾ ಇಷ್ಟ, ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನ್ ಅವಳೇ ಕೊಡಿಸುತ್ತಾಳಂತೆ.