"ಏನ್ ವಿಶೇಷ?" ಅಂದ್ರೆ ಏನಂತ ಹೇಳಲಿ

ಫೋನ್ ಎತ್ತಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಮತ್ತೆ, ಏನ್ ವಿಶೇಷ?" ಗೆಳೆಯರು ಕೇಳುತ್ತಾರೆ, ಲಿಫ್ಟಿನಲ್ಲಿ ಸಿಕ್ಕವರು ಕೇಳುತ್ತಾರೆ, ಹತ್ತು ವರ್ಷದ ಮೇಲೆ ಎದುರಾದ ಸಹಪಾಠಿಯೂ ಅದನ್ನೇ ಕೇಳುತ್ತಾನೆ. ಉತ್ತರವೂ ಎಲ್ಲರಿಗೂ ಬಾಯಿಪಾಠ: "ಏನಿಲ್ಲ, ನೀವೇ ಹೇಳ್ಬೇಕು." ಅವರ ಹತ್ತಿರವೂ ಏನೂ ಇರುವುದಿಲ್ಲ. ಅಲ್ಲಿಗೆ ಲೆಕ್ಕ ಚುಕ್ತಾ. (ಹೊಸದಾಗಿ ಮದುವೆಯಾದವರಿಗೆ ಇದೇ ಪ್ರಶ್ನೆಯ ಅರ್ಥ ಬೇರೆ, ಅವರ ಕಷ್ಟ ಅವರಿಗೆ.)

ಕಳೆದ ಭಾನುವಾರ ಚಿಕ್ಕಮ್ಮ "ಏನೋ ವಿಶೇಷ?" ಅಂದಾಗ ನಾನೂ "ಏನಿಲ್ಲ ಚಿಕ್ಕಮ್ಮ" ಅಂದೆ. ಫೋನ್ ಇಟ್ಟ ಮೇಲೆ, ಸುಳ್ಳು ಹೇಳಿದೆನಲ್ಲ ಅನ್ನಿಸಿತು. ಏನೂ ಇರಲಿಲ್ಲವಾದರೆ ಗುರುವಾರ ಸಂಜೆ ಕುತ್ತಿಗೆ ನೋಯುವಷ್ಟು ಹೊತ್ತು ತಾರಸಿಯ ಮೇಲೆ ನಿಂತಿದ್ದವನು ಯಾರು? ಅದಕ್ಕೇ ಈ ಸಲ ಆ ಪ್ರಶ್ನೆಗೆ ನಿಜವಾದ ಉತ್ತರ ಬರೆಯೋಣ ಅಂತ ಕೂತಿದ್ದೇನೆ.

ಗುರುವಾರದ್ದೇ ಮೊದಲು ಹೇಳುತ್ತೇನೆ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ನೆತ್ತಿಯ ಮೇಲೆ ಯಾವಾಗ ಹಾದುಹೋಗುತ್ತದೆ ಅನ್ನುವುದನ್ನು ಮೊದಲೇ ತಿಳಿಸುವ ಆ್ಯಪ್‌ಗಳಿವೆ. ಏಳು ಗಂಟೆಯ ಸುಮಾರಿಗೆ ಅಂತ ನನ್ನ ಫೋನು ಹೇಳಿತ್ತು. ಪಕ್ಕದ ಮನೆಯ ಹುಡುಗಿ, ಎರಡನೇ ಕ್ಲಾಸು, ತಾನೂ ಬರುತ್ತೇನೆ ಅಂತ ಹಿಂದೆಯೇ ಬಂದಳು. ಪಡುವಣದ ಕಡೆಯಿಂದ ಒಂದು ಚುಕ್ಕೆ ಮೇಲೇರಿ ಬಂತು. ನಕ್ಷತ್ರದ ಹಾಗೆ ಮಿನುಗುವುದಿಲ್ಲ, ವಿಮಾನದ ಹಾಗೆ ಕೆಂಪು ಹಸಿರು ದೀಪ ಮಿಟುಕಿಸುವುದಿಲ್ಲ. ಕತ್ತಲೆಯಲ್ಲಿ ಯಾರೋ ಲಾಟೀನು ಹಿಡಿದುಕೊಂಡು ನಿಧಾನವಾಗಿ ನಡೆದುಹೋದ ಹಾಗೆ. ನಿಧಾನ ಅನ್ನುವುದು ನಮ್ಮ ಕಣ್ಣಿಗೆ ಮಾತ್ರ. ಅದು ಓಡುತ್ತಿರುವುದು ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ. ತೊಂಬತ್ತು ನಿಮಿಷ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಭೂಮಿಗೆ ಒಂದು ಸುತ್ತು ಹಾಕಿರುತ್ತದೆ. ಕೆಳಗೆ ನಮಗೆ ಹೊತ್ತು ಮುಳುಗಿದ್ದರೂ 400 ಕಿಲೋಮೀಟರ್ ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ, ನಾವು ನೋಡುವುದು ಅದರ ಮೈಮೇಲೆ ಬಿದ್ದ ಆ ಬಿಸಿಲನ್ನು.

"ಅಂಕಲ್, ಅದರೊಳಗೆ ಈಗ ಯಾರಾದ್ರೂ ಇದಾರಾ?"

ಇದ್ದಾರೆ ಪುಟ್ಟಿ, 2000ನೇ ಇಸವಿಯ ನವೆಂಬರ್ 2ರಿಂದ ಒಂದು ದಿನವೂ ಅದು ಖಾಲಿ ಬಿದ್ದಿಲ್ಲ ಅಂದೆ.

"ಹಂಗಾದ್ರೆ ಟಾಟಾ ಮಾಡ್ಬೇಕಿತ್ತು!" ಅಂತ ಅವಳು ಕೈ ಎತ್ತುವಷ್ಟರಲ್ಲಿ ನಿಲ್ದಾಣ ಭೂಮಿಯ ನೆರಳಿನೊಳಕ್ಕೆ ಹೊಕ್ಕಿತು. ಉಫ್ ಅಂತ ಊದಿದ ಹಾಗೆ ಆರಿಹೋಯಿತು. ಒಟ್ಟು ನಾಲ್ಕು ನಿಮಿಷ ಇದ್ದೀತು. ಅವಳು ಖಾಲಿ ಆಕಾಶಕ್ಕೇ ಟಾಟಾ ಮಾಡಿ ಕೆಳಗಿಳಿದಳು.

ಮಂಗಳವಾರ ರಾತ್ರಿ ಮನೆಮಂದಿಯೆಲ್ಲ ಒಂದು ಪತ್ತೇದಾರಿ ಧಾರಾವಾಹಿಯ ಕೊನೆಯ ಕಂತು ನೋಡುತ್ತಿದ್ದೆವು. ಇನ್ಸ್‌ಪೆಕ್ಟರ್ ಬಾಗಿಲಿನ ಹಿಡಿಗೆ ಕೈ ಹಾಕಿದ, ಕರೆಂಟು ಹೋಯಿತು. ಮುಕ್ಕಾಲು ಗಂಟೆ. ಮೊದಲ ಐದು ನಿಮಿಷ ಎಲ್ಲರೂ ಸೇರಿ ಶಾಪ ಹಾಕಿದೆವು. ಆಮೇಲೆ ಕತ್ತಲೆಯಲ್ಲಿ ಒಬ್ಬೊಬ್ಬರೂ ಒಬ್ಬೊಬ್ಬ ಕೊಲೆಗಾರನನ್ನು ಹಿಡಿದುಕೊಟ್ಟರು. ನನ್ನ ಅನುಮಾನ ಡಾಕ್ಟರ ಮೇಲಿತ್ತು. ಡಾಕ್ಟರು ಎರಡನೇ ಕಂತಿನಲ್ಲೇ ಸತ್ತಿದ್ದಾರೆ ಅಂತ ನೆನಪಿಸಿ ನಕ್ಕರು. ಕರೆಂಟು ಬಂದಾಗ ಟೀವಿ ಹಾಕಲು ಯಾರಿಗೂ ಆತುರವಿರಲಿಲ್ಲ. ಕೊಲೆಗಾರನನ್ನು ಯಾರೂ ಊಹಿಸಿರಲಿಲ್ಲ ಅನ್ನುವುದು ಬೇರೆ ಮಾತು.

ಇದರ ಬಗ್ಗೆ ಒಂದು ಅಧ್ಯಯನವೇ ಇದೆ. ಲೀಫ್ ನೆಲ್ಸನ್, ಟಾಮ್ ಮೇವಿಸ್, ಜೆಫ್ ಗಲಾಕ್ ಅನ್ನುವ ಮೂವರು 2009ರಲ್ಲಿ ಪ್ರಕಟಿಸಿದ್ದು. ಜಾಹೀರಾತು ನಡುವೆ ಬಂದರೆ ಕಾರ್ಯಕ್ರಮದ ಮಜಾ ಕೆಡುತ್ತದೆ ಅಂತಲೇ ಜನ ಹೇಳುತ್ತಾರೆ. ಆದರೆ ನಡುವೆ ತಡೆದು ತಡೆದು ತೋರಿಸಿದಾಗಲೇ ನೋಡಿದವರಿಗೆ ಹೆಚ್ಚು ಖುಷಿಯಾಯಿತಂತೆ. ಒಂದೇ ಸಮನೆ ನೋಡುತ್ತಿದ್ದರೆ ಮನಸ್ಸು ಅದಕ್ಕೆ ಒಗ್ಗಿಹೋಗಿ ರುಚಿ ಸಪ್ಪೆಯಾಗುತ್ತದೆ, ತಡೆದು ಬಿಟ್ಟರೆ ಮತ್ತೆ ಹೊಸದಾಗುತ್ತದೆ. ಜಾಹೀರಾತಿನವರು ಇದನ್ನು ಓದದಿರಲಿ.

ಇನ್ನು ಪದಬಂಧ. ಸೋಮವಾರ ಒಂದು ಸುಳಿವಿನಲ್ಲಿ ಸಿಕ್ಕಿಬಿದ್ದೆ: "ಕಟ್ಟಿಹಾಕಿದರೆ ಹಾರುತ್ತದೆ, ಬಿಟ್ಟರೆ ಬೀಳುತ್ತದೆ", ನಾಲ್ಕಕ್ಷರ. ಎರಡು ದಿನ ತಲೆ ಕೆರೆದುಕೊಂಡೆ. ಬುಧವಾರ ಬೆಳಿಗ್ಗೆ ಹಲ್ಲುಜ್ಜುವಾಗ, ಯೋಚಿಸದೇ ಇದ್ದಾಗ, ಅದಾಗಿಯೇ ಬಂತು. ಬಾಯಿತುಂಬ ನೊರೆ ಇಟ್ಟುಕೊಂಡೇ "ಗಾಳಿಪಟ!" ಅಂತ ಕೂಗಿದೆ. ಒಳಗಿನಿಂದ "ಎಲ್ಲಿ?" ಅಂತ ಉತ್ತರ ಬಂತು. ಜಗತ್ತಿನ ಮೊದಲ ಪದಬಂಧ ಅಂತ ಎಲ್ಲರೂ ಒಪ್ಪುವುದು 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಮಾಡಿಕೊಟ್ಟಿದ್ದನ್ನು. ಚೌಕವಲ್ಲ, ವಜ್ರದಾಕಾರ. ಅದರ ನೆತ್ತಿಯಲ್ಲಿ ಒಂದು ಪದವನ್ನು ಆತನೇ ತುಂಬಿಕೊಟ್ಟಿದ್ದ: ಫನ್. ಮೋಜು ಮೊದಲೇ ಬರೆದಿದೆ, ಮಿಕ್ಕಿದ್ದು ನೀವು ನೋಡಿಕೊಳ್ಳಿ ಅಂದ ಹಾಗೆ.

ಹಳೇ ಪುಸ್ತಕವೊಂದನ್ನು ಓದುತ್ತಿದ್ದೇನೆ. ಹಿಂದೆ ಯಾರೋ ಪೆನ್ಸಿಲ್ ಹಿಡಿದು ಓದಿದ್ದಾರೆ. 40ನೇ ಪುಟದಲ್ಲಿ "ಸುಳ್ಳು", 52ರಲ್ಲಿ "ಶುದ್ಧ ಸುಳ್ಳು", 71ರಲ್ಲಿ "ಇರಬಹುದು". ಈಗ ನನಗೆ ಪುಸ್ತಕಕ್ಕಿಂತ ಇವರ ಮನಸ್ಸು ಎಲ್ಲಿಗೆ ಮುಟ್ಟುತ್ತದೆ ಅನ್ನುವುದೇ ಕುತೂಹಲ.

ಶುಕ್ರವಾರ ಮಳೆ ಬಂತು. ಮಣ್ಣಿನ ವಾಸನೆಯ ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಬಿಟ್ಟುಬಿಡುತ್ತೇನೆ. ಶನಿವಾರ ಎರಡು ಗಂಟೆ ಫೋನಿನಲ್ಲಿ ರೀಲ್ಸ್ ನೋಡಿದೆ. ಅದೂ ಮನರಂಜನೆಯ ಖಾತೆಗೇ ಸೇರಬೇಕು, ಆದರೆ ಈಗ ಒಂದೂ ನೆನಪಿಲ್ಲ.

ಇಷ್ಟಿದ್ದೂ "ಏನಿಲ್ಲ" ಅಂದೆನಲ್ಲ, ಯಾಕೆ? ಇವು ಯಾವುವೂ ಸುದ್ದಿಯಲ್ಲ. ಪ್ರವಾಸ, ಬಡ್ತಿ, ಹೊಸ ಗಾಡಿ, ಇವಕ್ಕೆ ಸುದ್ದಿಯ ಮೈಕಟ್ಟು ಇದೆ. ಗಾಳಿಪಟ ಅಂತ ಹೊಳೆದದ್ದನ್ನು ಯಾರಿಗೆ ಫೋನ್ ಮಾಡಿ ಹೇಳುವುದು? ಹಾಗಂತ ಸುದ್ದಿ ಇದ್ದವರ ಪಾಡೂ ಸುಖವೇನಲ್ಲ. 2014ರಲ್ಲಿ ಗಸ್ ಕೂನಿ, ಡೇನಿಯಲ್ ಗಿಲ್ಬರ್ಟ್, ಟಿಮೊಥಿ ವಿಲ್ಸನ್ ಒಂದು ಪ್ರಯೋಗದ ಬಗ್ಗೆ ಬರೆದರು. ನಾಲ್ಕು ಜನರಲ್ಲಿ ಒಬ್ಬರಿಗೆ ಸೊಗಸಾದ ವಿಡಿಯೊ, ಮೂವರಿಗೆ ಸಾಧಾರಣವಾದದ್ದು ತೋರಿಸಿ, ಆಮೇಲೆ ಹರಟಲು ಬಿಟ್ಟರು. ಹರಟೆ ಮುಗಿದಾಗ ಸಪ್ಪೆ ಮುಖ ಮಾಡಿಕೊಂಡಿದ್ದು ಸೊಗಸಾದದ್ದನ್ನು ನೋಡಿದವರೇ. ಮೂವರ ಮಾತು ಒಂದಕ್ಕೊಂದು ಕೂಡಿಕೊಂಡಿತು, ಇವರು ಹೊರಗುಳಿದರು. ಸಣ್ಣ ಸಂಗತಿಗಳ ಅನುಕೂಲ ಇದೇ ಇರಬೇಕು. ಒಬ್ಬರು ಕರೆಂಟು ಹೋದದ್ದು ಹೇಳಿದರೆ ಎದುರಿಗಿದ್ದವರ ಹತ್ತಿರವೂ ಒಂದು ಕರೆಂಟು ಹೋದ ಕಥೆ ಇದ್ದೇ ಇರುತ್ತದೆ.

ನಿನ್ನೆ ಮತ್ತೆ ಚಿಕ್ಕಮ್ಮನ ಫೋನು. "ಏನೋ ವಿಶೇಷ?" ಅಂದರು. ಈ ಸಲ ಎಲ್ಲ ಹೇಳಿದೆ: ನಿಲ್ದಾಣ, ಟಾಟಾ, ಸತ್ತ ಡಾಕ್ಟರು, "ಶುದ್ಧ ಸುಳ್ಳು". ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹುಡುಗನಿಗೆ ಏನೋ ಆಗಿದೆ ಅಂದುಕೊಂಡರೇನೋ ಅಂತ ನಾನು ಕಾಯುತ್ತಿದ್ದೆ.

"ನಮ್ಮ ಬೀರು ಬಾಗಿಲು ಕಿರ್ ಅಂತಿತ್ತಲ್ಲೋ," ಅಂದರು. "ಎರಡು ವರ್ಷದಿಂದ. ಮೊನ್ನೆ ನಾನೇ ಎರಡು ಹನಿ ಎಣ್ಣೆ ಬಿಟ್ಟೆ. ನಿಂತೇಹೋಯ್ತು ಕಣೋ. ಆವಾಗಿಂದ ಸುಮ್‌ಸುಮ್ನೆ ತೆಗೆದು ತೆಗೆದು ಮುಚ್ತಾ ಇದೀನಿ. ಇರು, ಫೋನು ಹತ್ತಿರ ಹಿಡೀತೀನಿ."

ನಾನು ಕಿವಿಗೊಟ್ಟು ಕೇಳಿದೆ.

"ಕೇಳಿಸ್ತಾ?"

"ಏನೂ ಇಲ್ಲ ಚಿಕ್ಕಮ್ಮ."

"ಮತ್ತೆ!" ಅಂದರು.