ಕೈಯಿಂದ ಓಡಿಸುವ ಕಾರು, ಗಡಿಯಾಚೆಯ ರಿಪೇರಿ

ಕಲಬುರಗಿಯ ರಿಂಗ್ ರೋಡಿನ ಗ್ಯಾರೇಜಿನಲ್ಲಿ ನನ್ನದು ಹೆಚ್ಚಾಗಿ ಆಕ್ಸಿಡೆಂಟ್ ಆದ ಗಾಡಿಗಳ ಕೆಲಸ. ಅದರ ಜೊತೆಗೆ, ಕಾಲಲ್ಲಿ ಬಲ ಇಲ್ಲದವರ ಕಾರಿಗೆ ಹ್ಯಾಂಡ್ ಕಂಟ್ರೋಲ್ ಕಿಟ್ ಕೂಡಿಸುತ್ತೇವೆ. ಸ್ಟೇರಿಂಗಿನ ಕೆಳಗೆ ಒಂದು ಲಿವರ್, ಅದರಿಂದ ಪೆಡಲಿಗೆ ಒಂದು ರಾಡು. ಮುಂದಕ್ಕೆ ದಬ್ಬಿದರೆ ಬ್ರೇಕ್, ತನ್ನ ಕಡೆ ಎಳೆದರೆ ಎಕ್ಸಲರೇಟರ್. ನೋಡಲು ಸರಳ. ಆದರೆ ಒಬ್ಬ ಮನುಷ್ಯ ಯಾರ ಹಂಗೂ ಇಲ್ಲದೆ ಡ್ಯೂಟಿಗೆ ಹೋಗಿ ಬರುವುದು ಆ ಒಂದು ರಾಡಿನ ಮೇಲೆ ನಿಂತಿರುತ್ತದೆ. ಅದಕ್ಕೇ ಈ ಕೆಲಸ ನನಗೆ ಉಳಿದೆಲ್ಲಕ್ಕಿಂತ ದೊಡ್ಡದು.

ನಮ್ಮಲ್ಲೇ ಕಿಟ್ ಹಾಕಿಸಿಕೊಂಡಿದ್ದ ಶಿಕ್ಷಕರೊಬ್ಬರು ಚಳಿಗಾಲದ ರಜೆಯಲ್ಲಿ ಗೆಳೆಯರ ಜೊತೆ ಕಾರಿನಲ್ಲೇ, ಬುದ್ಧ ಹುಟ್ಟಿದ ನೇಪಾಳದ ಲುಂಬಿನಿಗೆ ಹೊರಟರು. ನಮ್ಮ ಭಾಗದವರಿಗೆ ಲುಂಬಿನಿ ಪರಕೀಯ ಊರಲ್ಲ. ಅಶೋಕನ ಶಾಸನ ಭೀಮಾ ದಂಡೆಯ ಸನ್ನತಿಯಲ್ಲೂ ಇದೆ, ಲುಂಬಿನಿಯ ಕಂಬದ ಮೇಲೂ ಇದೆ. ಇಲ್ಲಿಯ ಬುದ್ಧ ವಿಹಾರಕ್ಕೆ ಹೋಗುವವರಲ್ಲಿ ಒಮ್ಮೆ ಅಲ್ಲಿಗೂ ಹೋಗಿ ಬರಬೇಕು ಅನ್ನುವವರು ಬಹಳ ಮಂದಿ. ಉತ್ತರ ಪ್ರದೇಶದ ಸೋನೌಲಿ ಗಡಿ ದಾಟಿ, ಭನ್ಸಾರ್ ಅನ್ನುವ ಕಸ್ಟಮ್ಸ್ ಕಚೇರಿಯಲ್ಲಿ ದಿನದ ಲೆಕ್ಕದ ಫೀ ಕಟ್ಟಿ ಪರವಾನಗಿ ಪಡೆದರೆ ನಮ್ಮ ನಂಬರಿನ ಕಾರನ್ನೇ ನೇಪಾಳದಲ್ಲಿ ಓಡಿಸಬಹುದು. ಅಲ್ಲಿಯೂ ಎಡಗಡೆಯ ಸಂಚಾರವೇ.

ಲುಂಬಿನಿ ನೋಡಿಕೊಂಡು ಬುಟ್ವಲ್ ಕಡೆ ಹೋಗುವಾಗ ಮುಂದಿನ ಲಾರಿ ಗಕ್ಕನೆ ನಿಂತಿದೆ, ಇವರ ಕಾರು ಹಿಂದಿನಿಂದ ಗುದ್ದಿದೆ. ಫೋನಿನಲ್ಲಿ ಮೊದಲ ಮಾತೇ, "ನಮಗೇನೂ ಆಗಿಲ್ರಿ, ಆದ್ರ ಲಿವರ್ ರಾಡ್ ಬಾಗೇದ. ಇನ್ನ ನಾ ಹೆಂಗ ಬರ್ಲಿ?" ಬಂಪರ್, ರೇಡಿಯೇಟರ್, ಫೆಂಡರ್ ಎಲ್ಲ ಹೋಗಿದ್ದವು. ಅದರ ಮಾತೇ ಅವರು ಎತ್ತಲಿಲ್ಲ.

ಇಂಥ ಹೊತ್ತಿನಲ್ಲಿ ನಾನು ಹೇಳುವುದು ಇಷ್ಟು. ಗಾಡಿ ಊರು ಮುಟ್ಟಲು ಏನು ಬೇಕೋ ಅದನ್ನು ಮಾತ್ರ ಅಲ್ಲಿ ಮಾಡಿಸಿರಿ. ಕಿಟ್ಟನ್ನು ಯಾರೂ ಮುಟ್ಟುವುದು ಬೇಡ. ಮುಟ್ಟಲೇಬೇಕಾದರೆ, ಬಿಚ್ಚುವ ಮೊದಲು ಪ್ರತಿ ಬೋಲ್ಟಿನ ಫೋಟೋ ಇರಲಿ. ಪೊಲೀಸರಿಂದ ಸ್ಥಳದ ಮುಚುಲ್ಕಾ, ಅಂದರೆ ನಮ್ಮ ಪಂಚನಾಮೆಯಂಥದ್ದು, ಬರೆಸಿಕೊಳ್ಳಿರಿ, ಇನ್ಶೂರೆನ್ಸಿನವರಿಗೆ ಇವತ್ತೇ ತಿಳಿಸಿ, ಅವರು ಹೂಂ ಅನ್ನುವ ತನಕ ದೊಡ್ಡ ಪಾರ್ಟು ಬದಲಿಸಬೇಡಿರಿ. ಇನ್ನೊಂದು ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ: ಕಾರು ಗ್ಯಾರೇಜಿನಲ್ಲಿ ನಿಂತಿದ್ದರೂ ಭನ್ಸಾರಿನ ದಿನಗಳು ನಿಲ್ಲುವುದಿಲ್ಲ. ಅವಧಿ ಮೀರಿದರೆ ದಂಡ. ಹೀಗಾಗಿ ರಿಪೇರಿಗೆ ಹಿಡಿಯುವ ದಿನ ಕೇಳಿಕೊಂಡು ಮೊದಲೇ ಹೋಗಿ ಅವಧಿ ಹೆಚ್ಚಿಸಿಕೊಳ್ಳಬೇಕು. ಅವರ ಗೆಳೆಯರು ಆ ಕೆಲಸ ಮೊದಲು ಮುಗಿಸಿದರು.

ಅಲ್ಲಿಯ ಗ್ಯಾರೇಜಿನವರು ಒಳ್ಳೆಯವರು. ನಮ್ಮಲ್ಲಿಯ ಮಾಡೆಲ್ಲೇ ಅಲ್ಲಿಯೂ ಓಡುವುದರಿಂದ ರೇಡಿಯೇಟರ್ ಸಿಕ್ಕಿತು, ಕೂಡಿಸಿದ್ದೂ ಚೊಕ್ಕವಾಗಿತ್ತು. ಆದರೆ ಕಿಟ್ ಅನ್ನುವುದನ್ನು ಅವರು ಹಿಂದೆ ನೋಡಿದವರಲ್ಲ. ಕಾಲಿಗೆ ಅಡ್ಡ ಬರುತ್ತದೆಂದು ಬಿಚ್ಚಿದ್ದಾರೆ, ಬಾಗಿದ ರಾಡನ್ನು ಗ್ಯಾಸಿನಲ್ಲಿ ಕಾಸಿ ನೆಟ್ಟಗೆ ಮಾಡಿದ್ದಾರೆ, ಬಿರುಕು ಬಿಟ್ಟ ಕಡೆ ವೆಲ್ಡಿಂಗ್ ಹಾಕಿ ಮತ್ತೆ ಕೂಡಿಸಿದ್ದಾರೆ. ಉಪಕಾರ ಮಾಡಬೇಕೆಂದೇ ಮಾಡಿದ್ದು. ಫೋಟೋ ನೋಡಿದೊಡನೆ ನಾನು, "ಸರ್, ಕೈ ಮುಗಿತೀನಿ, ಅದರ ಮ್ಯಾಲೆ ಓಡಿಸಬ್ಯಾಡ್ರಿ" ಅಂದೆ. ನಾವು ಹಾಕುವ ಕಿಟ್ಟಿನಲ್ಲಿ ಮೂಲ ಪೆಡಲ್‌ಗಳು ಹಾಗೇ ಇರುತ್ತವೆ. ಲಿವರ್ ಬಿಚ್ಚಿಟ್ಟು ಗೆಳೆಯರು ಕಾಲಿನಿಂದ ಓಡಿಸಿಕೊಂಡು ಕಲಬುರಗಿ ತನಕ ತಂದರು. ಪೆಡಲ್ ಕತ್ತರಿಸಿ ಕಿಟ್ ಹಾಕಿಕೊಡಿ ಎಂದು ಕೇಳುವವರು ಈಗಲೂ ಬರುತ್ತಾರೆ. ಎಷ್ಟು ಕೊಟ್ಟರೂ ನಾನು ಆ ಕೆಲಸ ಹಿಡಿಯುವುದಿಲ್ಲ.

ಕಾರು ಬಂದ ಮೇಲೆ ಹೊಸ ರಾಡು ತರಿಸಿ ಹಾಕಿದೆವು. ಲಿವರ್ ಹಗುರಾಗಿ ಓಡಾಡಿತು, ಬ್ರೇಕ್ ಹಿಡಿಯಿತು, ಹುಡುಗರು ಆಯಿತು ಅಂದರು. ಕಾರನ್ನು ಶೆಡ್ಡಿನ ಒಳಗೆ ಹಿಂದಕ್ಕೆ ತೆಗೆದಾಗ ಹಿಂಬದಿಯ ಗೋಡೆಯ ಮೇಲೆ ಸಣ್ಣಗೆ ಕೆಂಪು ಬೆಳಕು ಬಿದ್ದಿತ್ತು. ಲಿವರ್ ಯಾರ ಕೈಯಲ್ಲೂ ಇಲ್ಲ, ಪೆಡಲ್ ಮೇಲೆ ಕಾಲೂ ಇಲ್ಲ, ಬ್ರೇಕ್ ಲೈಟ್ ಮಾತ್ರ ಹತ್ತಿಯೇ ಇದೆ. ಬಿಸಿಲಲ್ಲಿ ನಿಂತಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ.

ಬಗ್ಗಿ ಟಾರ್ಚ್ ಹಿಡಿದು ನೋಡಿದಾಗ ಗೊತ್ತಾಯಿತು. ಗುದ್ದಿದ ರಭಸಕ್ಕೆ ರಾಡು ಒಂದೇ ಅಲ್ಲ, ಅದರ ಕ್ಲ್ಯಾಂಪ್ ಹಿಡಿದಿದ್ದ ಬ್ರೇಕ್ ಪೆಡಲಿನ ತೋಳೂ ಕೂದಲೆಳೆಯಷ್ಟು ಪಕ್ಕಕ್ಕೆ ವಾಲಿತ್ತು. ಆ ತೋಳಿಗೆ ಹಳೆಯ ಅಳತೆಯ ರಾಡು ಕೂಡಿಸಿದರೆ ಅದು ಪೆಡಲನ್ನು ಪೂರ್ತಿ ಮೇಲೆ ಬರಲು ಬಿಡುವುದಿಲ್ಲ. ಬ್ರೇಕ್ ಲೈಟಿನ ಸ್ವಿಚ್ ಆನ್ ಆಗಿಯೇ ಇರುತ್ತದೆ, ಬ್ರೇಕ್ ಪ್ಯಾಡು ಡಿಸ್ಕಿಗೆ ಸವರುತ್ತಲೇ ಇರುತ್ತದೆ. ಆಳಂದ ದಾಟುವಷ್ಟರಲ್ಲಿ ಡಿಸ್ಕ್ ಕಾದು, ಬ್ರೇಕ್ ಬೇಕಾದ ಹೊತ್ತಿಗೆ ಹಿಡಿತ ಸಡಿಲವಾಗಬಹುದು. ಕಾಲಿನಿಂದ ಓಡಿಸುವವರಿಗೆ ಪೆಡಲಿನ ಬಿಗಿ ಅಂಗಾಲಿಗೇ ತಿಳಿಯುತ್ತದೆ. ಕೈಯಿಂದ ಓಡಿಸುವವರಿಗೆ ನಡುವೆ ರಾಡು, ಕೀಲು ಎಲ್ಲ ಇರುವುದರಿಂದ ಅಷ್ಟು ಸುಲಭಕ್ಕೆ ತಿಳಿಯುವುದಿಲ್ಲ. ಪೆಡಲಿನ ಇಡೀ ಜೋಡಣೆಯನ್ನೇ ಬದಲಿಸಿದೆವು.

ಆಮೇಲೂ ಕಾರು ಕೊಡಲಿಲ್ಲ. ಮೇಷ್ಟ್ರನ್ನು ಕರೆಸಿ, ಅವರು ದಿನಾ ಕೂರುವ ಹಾಗೆ ಸೀಟಿನಲ್ಲಿ ಕೂರಿಸಿ, ಲಿವರ್ ಪೂರ್ತಿ ದಬ್ಬಿಸಿ ನೋಡಿದೆ. ಬ್ರೇಕ್ ಪೂರ್ತಿ ಹಿಡಿದಾಗಲೂ ಮೊಣಕೈ ಇನ್ನೂ ಸ್ವಲ್ಪ ಬಾಗಿರಬೇಕು. ನೆಟ್ಟಗಾಗಿಬಿಟ್ಟರೆ ಕೊನೆಯ ಒತ್ತು ಕೊಡಲು ಬಲ ಉಳಿಯುವುದಿಲ್ಲ. ಇದನ್ನು ನನ್ನ ಕೈ ಇಟ್ಟು ಅಳೆಯಲು ಬರುವುದಿಲ್ಲ. ಯಾರು ಓಡಿಸುತ್ತಾರೋ ಅವರೇ ಕೂರಬೇಕು. ನಮ್ಮಲ್ಲಿ ಈಗ ಕಿಟ್ ಇರುವ ಯಾವ ಕಾರೂ ಓನರ್ ಬಂದು ಕೂರದೆ ಹೊರಗೆ ಹೋಗುವುದಿಲ್ಲ.

ಕಾಗದದ ಕಡೆ ಮೇಷ್ಟ್ರು ಗಟ್ಟಿಯಾಗಿದ್ದರು. ಕಿಟ್ ಕೂಡಿಸಿದಾಗಲೇ ಆರ್‌ಟಿಓ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ಬರೆಸಿದ್ದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ರೂಪ ಬದಲಿಸುವುದನ್ನು ತಡೆಯುತ್ತದೆ. ಆದರೆ ಅಂಗವಿಕಲರಿಗೆಂದು ವಾಹನ ಮಾರ್ಪಡಿಸಿ, ಆಮೇಲೆ ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆಯಲು 2019ರ ತಿದ್ದುಪಡಿ ದಾರಿ ಮಾಡಿಕೊಟ್ಟಿದೆ. ಪಾಲಿಸಿಯಲ್ಲೂ ತಿಳಿಸಿದ್ದರು. ಹೀಗೆ ಮಾರ್ಪಡಿಸಿದ ಗಾಡಿಗೆ, ಮೋಟಾರ್ ಟ್ಯಾರಿಫ್ ಅನ್ನುವ ವಾಹನ ವಿಮೆಯ ನಿಯಮಾವಳಿಯ 12ನೇ ಷರತ್ತಿನಂತೆ (ಐಎಂಟಿ 12), ಸ್ವಂತ ಹಾನಿಯ ಪ್ರೀಮಿಯಂನಲ್ಲಿ 50% ರಿಯಾಯಿತಿ ಉಂಟು. ಕಿಟ್ ಇದೆಯೆಂದು ಹೇಳಿದರೆ ಪ್ರೀಮಿಯಂ ಏರುತ್ತದೆಂಬ ಹೆದರಿಕೆಯಿಂದ ಮುಚ್ಚಿಡುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಇನ್ನು ಗಡಿಯ ಮಾತು. ನಮ್ಮ ಪಾಲಿಸಿ ಭಾರತದೊಳಗೆ ಮಾತ್ರ. ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್‌ಗೆ ಐಎಂಟಿ 1ರ ಪ್ರಕಾರ ವಿಸ್ತರಿಸಿಕೊಳ್ಳಬೇಕು. ಹಳೆಯ ಟ್ಯಾರಿಫಿನಲ್ಲಿ ಅದರ ದರ 500 ರೂಪಾಯಿ ಇತ್ತು. ಆ ವಿಸ್ತರಣೆ ಇದ್ದದ್ದರಿಂದಲೇ ಮೇಷ್ಟ್ರ ಕ್ಲೇಮು ಪಾಸಾಯಿತು. ಬುಟ್ವಲ್ಲಿನ ಬಿಲ್ಲನ್ನು ಅವರೇ ಕಟ್ಟಿ ತಂದಿದ್ದರು, ಇನ್ಶೂರೆನ್ಸಿನವರು ಅದನ್ನು ನಮ್ಮ 100 ರೂಪಾಯಿಗೆ ಅಲ್ಲಿಯ 160ರ ಲೆಕ್ಕದಲ್ಲಿ ಹಿಡಿದರು. ಪ್ಲಾಸ್ಟಿಕ್, ರಬ್ಬರ್ ಪಾರ್ಟುಗಳ ಅರ್ಧ ಹಣ ಸವಕಳಿಗೆ ಹೋಯಿತು. ಅದು ಇಲ್ಲೇ ರಿಪೇರಿ ಮಾಡಿಸಿದ್ದರೂ ಹೋಗುವಂಥದ್ದೇ. ಕಿಟ್ಟಿನ ಬಿಲ್ಲು, ಬಿಚ್ಚುವ ಮೊದಲಿನ ಫೋಟೋ, ಆರ್‌ಸಿ ಮೂರೂ ಒಂದಕ್ಕೊಂದು ತಾಳೆ ಆದದ್ದರಿಂದ ಇನ್ಶೂರೆನ್ಸಿನ ಸರ್ವೇಯರ್ ಹೊಸ ರಾಡಿಗೆ ತಕರಾರು ತೆಗೆಯಲಿಲ್ಲ.

ಬೀದರಿನವರೊಬ್ಬರು ಕಿಟ್ ಇರುವ ತಮ್ಮ ಕಾರಿನಲ್ಲಿ ಭೂತಾನಿಗೆ ಹೊರಟಿದ್ದಾರೆ, ಸರ್ವಿಸಿಗೆ ದಿನ ಕೇಳಿದ್ದರು. ಪಾಲಿಸಿಯ ಫೋಟೋ ಕಳಿಸಿ ಅಂದೆ. ಕಿಟ್ ಬರೆದಿದೆ, ಭೂತಾನ್ ಇಲ್ಲ. ಅದನ್ನು ಸೇರಿಸಿದ ಕಾಗದ ಕೈಗೆ ಬಂದ ಮೇಲೆ ಕಾರು ತನ್ನಿರಿ ಎಂದು ಹೇಳಿದ್ದೇನೆ. ಅಷ್ಟರೊಳಗೆ ಅವರ ರಾಡಿನ ಅಳತೆ, ಬೋಲ್ಟಿನ ಸೈಜು, ನಮ್ಮ ಫೋನ್ ನಂಬರ್ ಇರುವ ಒಂದು ಹಾಳೆಯನ್ನು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆಸಿ ಲ್ಯಾಮಿನೇಷನ್ ಮಾಡಿಸಿಡಬೇಕು.